ನಮ್ಮ ಕ್ಲಿನಿಕ್ ವಿಮರ್ಶೆ: ಮಾತ್ರೆ ಫ್ರೀ, ಅರ್ಧ ದಿನದ ಕೂಲಿ ಯಾರ ಲೆಕ್ಕಕ್ಕೆ?

ಮೊದಲೇ ಹೇಳಿಬಿಡುತ್ತೇನೆ, ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ ಅನ್ನುವ ಉಚಿತ ಕ್ಲಿನಿಕ್ಕಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಒಳಗೆ ನಡೆಯುವ ಕೆಲಸಕ್ಕಷ್ಟೇ ಅಂಕ ಕೊಡಿ ಅಂದಿದ್ದರೆ ನಾಲ್ಕೂವರೆ ಕೊಟ್ಟು ಸುಮ್ಮನಾಗುತ್ತಿದ್ದೆ. ಉಳಿದ ಒಂದು ಅಂಕ ಕಳೆದಿರುವುದು ಈ ಕ್ಲಿನಿಕ್ಕುಗಳನ್ನು ಊರೊಳಗೆ ಹಂಚಿದ ರೀತಿಗೆ, ಬಾಗಿಲು ತೆಗೆದಿಡುವ ಹೊತ್ತಿಗೆ. ಹೋಟೆಲು, ಮಿಕ್ಸಿ, ಕ್ಯಾಬು ಎಲ್ಲದಕ್ಕೂ ಪುಟಗಟ್ಟಲೆ ಬರೆಯುವ ಬೆಂಗಳೂರಿಗರು ಇದರ ಬಗ್ಗೆ ಬರೆದದ್ದು ಕಮ್ಮಿ. ಬರೆಯುವವರಿಗೆ ಅಲ್ಲಿ ಕೆಲಸವಿಲ್ಲ, ಅಲ್ಲಿಗೆ ಹೋಗುವವರಿಗೆ ಬರೆಯುವಷ್ಟು ಪುರುಸೊತ್ತಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ದೆಹಲಿಯಲ್ಲಿ 2015ರಲ್ಲಿ ಮೊಹಲ್ಲಾ ಕ್ಲಿನಿಕ್ ಶುರುವಾಯಿತಲ್ಲ, ಹೆಚ್ಚುಕಡಿಮೆ ಅದೇ ದಾರಿಯದು ಇದು. 2022ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ಚಾಲನೆ ಕೊಟ್ಟರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ 108 ಕ್ಲಿನಿಕ್ ಒಟ್ಟಿಗೆ ಶುರುವಾದವು. ರಾಜ್ಯಕ್ಕೆಲ್ಲ 438, ಅದರಲ್ಲಿ ಬೆಂಗಳೂರಿಗೆ 243 ಅನ್ನುವುದು ಆಗಿನ ಲೆಕ್ಕ. ಒಬ್ಬರು ಡಾಕ್ಟರು, ಒಬ್ಬರು ನರ್ಸು, ಒಬ್ಬರು ಲ್ಯಾಬ್ ಟೆಕ್ನಿಷಿಯನ್, ಒಬ್ಬರು ಡಿ ಗ್ರೂಪ್ ನೌಕರರು. ನೋಡಿಸಿಕೊಳ್ಳುವುದು, ಸಣ್ಣಪುಟ್ಟ ರಕ್ತ ಪರೀಕ್ಷೆ, ಮಾತ್ರೆ ಎಲ್ಲವೂ ಉಚಿತ. ಸರ್ಕಾರಿ ಯೋಜನೆಗಳಲ್ಲಿ ಹೆಸರು ನೆಟ್ಟಗಿರುವುದೇ ಅಪರೂಪ, ಇದಕ್ಕೆ ಮಾತ್ರ ಒಳ್ಳೆ ಹೆಸರು ಸಿಕ್ಕಿದೆ.

ನಾನು ಹೋದದ್ದು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವರ ಜೊತೆ. ಯಾದಗಿರಿ ಕಡೆಯವರು. ಗಂಡ ಗಾರೆ ಕೆಲಸ, ಇವರು ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಮನೆ ಮಾಡುತ್ತಾರೆ. ಇರುವುದು ನಮ್ಮ ಕಾಂಪೌಂಡಿನ ಹಿಂದಿನ ಖಾಲಿ ಸೈಟಿನ ನೀಲಿ ಟಾರ್ಪಾಲಿನ ಶೆಡ್ಡಿನಲ್ಲಿ. ಬೆಂಗಳೂರಿನ ಪೂರ್ವದ ಕಡೆ ಇದ್ದವರಿಗೆ ಈ ಶೆಡ್ಡುಗಳು ಗೊತ್ತೇ ಇರುತ್ತವೆ, ಬಾಲ್ಕನಿಯಿಂದ ಕೆಳಗೆ ನೋಡಿದರೆ ನೀಲಿ ಚೌಕಗಳು. ತಲೆಸುತ್ತು ಅಂತ ಸಿಂಕಿನ ಅಂಚು ಹಿಡಿದು ನಿಂತಿದ್ದರು. ನಮ್ಮನೆಯ ಬಿಪಿ ಮಿಷನ್ ಹಾಕಿ ನೋಡಿದೆ, ಮೇಲಿನದು 170 ದಾಟಿತ್ತು. ವಯಸ್ಸು ಮೂವತ್ತೆಂಟಂತೆ.

"ಆಸ್ಪತ್ರೆಗೆ ಹೋಗೋಣ ಬನ್ನಿ" ಅಂದರೆ "ಬ್ಯಾಡ್ರಿ ಅಕ್ಕಾರ, ಇನ್ನ ಮೂರು ಮನಿ ಅದಾವ" ಅಂತ ಶುರು ಮಾಡಿದರು.

ಕ್ಲಿನಿಕ್ ಯಾವ ವಾರ್ಡಿನದು ಅಂತ ಹೇಳುವುದಿಲ್ಲ, ಅಲ್ಲಿಯವರ ಮೇಲೆ ನನಗೆ ದೂರೇನೂ ಇಲ್ಲ. ಬಾಡಿಗೆ ಕಟ್ಟಡ, ನೆಲಮಹಡಿ. ಹೆಸರು, ವಯಸ್ಸು, ಫೋನ್ ನಂಬರ್ ಕೇಳಿ ಬರೆದುಕೊಂಡರು. ಕಾರ್ಡು ಕೇಳಲಿಲ್ಲ, ಬಿಪಿಎಲ್ಲಾ ಎಪಿಎಲ್ಲಾ ಅಂತಲೂ ಕೇಳಲಿಲ್ಲ. ನರ್ಸ್ ಬಿಪಿ ನೋಡಿ, ಐದು ನಿಮಿಷ ಸುಮ್ಮನೆ ಕೂರಿಸಿ, ಮತ್ತೆ ನೋಡಿದರು. ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ, ಯಾಕೆಂದರೆ ದುಡ್ಡು ಕೊಟ್ಟು ಹೋಗುವ ಎಷ್ಟೋ ಕಡೆ ಎರಡನೇ ಸಲ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆರಳು ಚುಚ್ಚಿ ಶುಗರ್ ನೋಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಕನ್ನಡದಲ್ಲೇ ಮಾತಾಡಿದರು. "ಮೊದಲು ಯಾವತ್ತಾದ್ರೂ ಬಿಪಿ ಇದೆ ಅಂತ ಹೇಳಿದ್ರಾ ಅಮ್ಮ?" ಹೇಳಿದ್ದರಂತೆ, ಊರಲ್ಲಿ, ಕೊನೇ ಹೆರಿಗೆ ಹೊತ್ತಿಗೆ. ಮಾತ್ರೆ? "ತಗೊಂಡಿದ್ನ್ರಿ ಸರ. ಇಲ್ಲಿಗೆ ಬಂದ ಮ್ಯಾಲ ಮುಗದ್ವು."

ಬಿಪಿ ಇಳಿಸುವ ಅಮ್ಲೋಡಿಪಿನ್ ಮಾತ್ರೆ ಕೊಟ್ಟರು, ಒಂದು ತಿಂಗಳಿಗೆ ಆಗುವಷ್ಟು. ಕಾಗದದ ಕವರಿನ ಮೇಲೆ ನರ್ಸ್ ಪೆನ್ನಿನಿಂದ ಒಂದು ಸೂರ್ಯನ ಚಿತ್ರ ಬರೆದು, "ಬೆಳಿಗ್ಗೆ ಒಂದು, ತಪ್ಪಿಸಬೇಡಿ, ಸರಿ ಹೋಯ್ತು ಅಂತ ನಿಲ್ಲಿಸಲೂಬೇಡಿ" ಅಂದರು. ಓದು ಬಾರದವರಿಗೆ ಇದಕ್ಕಿಂತ ಒಳ್ಳೆ ಚೀಟಿ ಇಲ್ಲ. ಒಂದು ಪೈಸೆ ಖರ್ಚಿಲ್ಲ. ಹಿಂದಿನ ವರ್ಷ ಇದೇ ತಲೆಸುತ್ತಿಗೆ ಅವರು ರಸ್ತೆ ಬದಿಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರಂತೆ. ಹೆಸರು ಬೇಡ. ಅಲ್ಲಿ ಒಂದು ಇಂಜೆಕ್ಷನ್, ಒಂದು ಬಾಟಲ್ ಗ್ಲೂಕೋಸ್, ಕೈಯಲ್ಲಿದ್ದ ದುಡ್ಡೆಲ್ಲ ಖಾಲಿ. ಬಿಪಿ ಎಷ್ಟು ಅಂತ ಯಾರೂ ಹೇಳಿರಲಿಲ್ಲ. ಗ್ಲೂಕೋಸ್ ಹಾಕಿಸಿಕೊಂಡರೆ ಶಕ್ತಿ ಬರುತ್ತೆ ಅಂತ ನಂಬಿದವರ ದುಡ್ಡಲ್ಲಿ ಈ ಊರಿನಲ್ಲಿ ಎಷ್ಟು ಕಟ್ಟಡ ಎದ್ದಿವೆಯೋ, ಬಿಡಿ.

ಇಲ್ಲಿಯವರೆಗೆ ನಾಲ್ಕೂವರೆ.

ಈಗ ಸಮಯ. ಯೋಜನೆ ಶುರುವಾದಾಗ ಹೇಳಿದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4:30. ಕೆಲವು ಕಡೆ ಸಂಜೆಯೂ ತೆಗೆದಿಡುವ ಪ್ರಯತ್ನ ನಡೆದಿದೆ, ಒಳ್ಳೆಯದೇ. ಆದರೆ ಒಂಬತ್ತರಿಂದ ನಾಲ್ಕೂವರೆ ಅನ್ನುವ ಹೊತ್ತನ್ನು ಯಾರ ದಿನ ನೋಡಿ ಇಟ್ಟರು? ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಒಂಬತ್ತಕ್ಕೆ ಮಿಷನ್ ಮುಂದೆ ಕೂತಿರಬೇಕು. ಗಾರೆಯವರು ಎಂಟಕ್ಕೇ ಸರ್ಕಲ್ಲಿನಲ್ಲಿ ನಿಂತಿರುತ್ತಾರೆ, ಮೇಸ್ತ್ರಿ ಬಂದು ಕರೆದೊಯ್ದರೆ ಆವತ್ತಿನ ಕೂಲಿ, ಇಲ್ಲವಾದರೆ ಇಲ್ಲ. ಮನೆಗೆಲಸದವರು ಆರೂವರೆಗೆ ಮೊದಲ ಮನೆಯ ಬೆಲ್ ಒತ್ತುತ್ತಾರೆ, ಕೊನೆಯ ಮನೆ ಮುಗಿಯುವಾಗ ಎರಡು ಗಂಟೆ, ಆಮೇಲೆ ನೀರು, ಸೌದೆ, ಸ್ಕೂಲಿಂದ ಬರುವ ಮಕ್ಕಳು. ಆ ಹೊತ್ತಿನಲ್ಲಿ ಆರಾಮಾಗಿ ಹೋಗಬಲ್ಲವರು ಯಾರು ಅಂದರೆ ರಿಟೈರ್ ಆದವರು, ನನ್ನ ಹಾಗೆ ಮನೆಯಿಂದ ಕೆಲಸ ಮಾಡುವವರು. ನಮಗೆ ಇನ್ಶೂರೆನ್ಸೂ ಇದೆ, ಆಪ್ ಇದೆ, ಮನೆಗೇ ಬಂದು ರಕ್ತ ತಗೊಂಡು ಹೋಗುವ ಹುಡುಗನೂ ಇದ್ದಾನೆ.

ಮುಂದಿನ ತಿಂಗಳ ಮಾತ್ರೆಗೆ ಹೋಗಿ ಅಂತ ನೆನಪಿಸಿದರೆ ಅವರು ಹೇಳಿದ್ದು ಇಷ್ಟು: "ಒಂದ್ ದಿನ ಬಿಟ್ರ ಎಲ್ಲಾರೂ ನಿಮ್ಮಂಗ ಸುಮ್ನಿರ್ತಾರೇನ್ರಿ? ಆ ಮೂರನೇ ಮಹಡಿಯಾಕಿ ಬ್ಯಾರೆಯವ್ರನ್ನ ಇಟ್ಕೊಂತಾಳ್ರಿ." ಬಿಪಿ ಮಾತ್ರೆ ಒಂದು ಸಲ ತಗೊಂಡು ಮುಗಿಯುವುದಲ್ಲ, ಪ್ರತಿ ತಿಂಗಳೂ ಹೋಗಬೇಕು. ಅಂದರೆ ಪ್ರತಿ ತಿಂಗಳೂ ಅರ್ಧ ದಿನದ ಸಂಬಳ ಇಲ್ಲವೇ ಒಂದು ಮನೆ ಕಳೆದುಕೊಳ್ಳುವ ಭಯ. ಫ್ರೀ ಅನ್ನುವ ಬೋರ್ಡಿನಲ್ಲಿ ಈ ಖರ್ಚು ಬರೆದಿರುವುದಿಲ್ಲ. ಬಿಪಿ ಮಾತ್ರೆ ನಿಂತರೆ ತಲೆಸುತ್ತು ಕೂಡ ಇರಬೇಕೆಂದಿಲ್ಲ, ಏನೂ ಗೊತ್ತಾಗದೆ ಒಂದು ದಿನ ಲಕ್ವಾ ಹೊಡೆಯುತ್ತದೆ ಅಥವಾ ಕಿಡ್ನಿ ಕೈ ಕೊಡುತ್ತದೆ. ಆಗ "ಪಾಪ, ಚಿಕ್ಕ ವಯಸ್ಸು" ಅನ್ನುತ್ತೇವೆ.

ಇನ್ನು ಹಂಚಿಕೆ. ಇದೇ ನನ್ನ ದೊಡ್ಡ ತಕರಾರು. ವಾರ್ಡಿಗೊಂದು ಕ್ಲಿನಿಕ್ ಅಂತ ಲೆಕ್ಕ. ಕೇಳಲು ಚೆನ್ನಾಗಿದೆ, ಎಲ್ಲರಿಗೂ ಸಮ. ಮದುವೆ ಮನೆಯಲ್ಲಿ ಉಂಡು ಬಂದವನ ಎಲೆಗೂ ಎರಡು ದಿನ ಹಸಿದವನ ಎಲೆಗೂ ಒಂದೊಂದೇ ಸೌಟು ಬಡಿಸಿ ಮುಂದೆ ಹೋದ ಹಾಗೆ. ಜಯನಗರದಂಥ ಕಡೆ ಕೂಗಳತೆಯಲ್ಲಿ ಡಾಕ್ಟರು, ರಸ್ತೆಗೆರಡು ಮೆಡಿಕಲ್ ಶಾಪು, ಬೆಳಿಗ್ಗೆ ವಾಕಿಂಗಿಗೆ ಪಾರ್ಕು. ಅಲ್ಲಿಗೂ ಒಂದು. ಹೊರವಲಯದಲ್ಲಿ ಹಳ್ಳಿ, ಲೇಔಟು, ಟೆಕ್ ಪಾರ್ಕು, ಶೆಡ್ಡು ಎಲ್ಲ ಕಲಸಿಕೊಂಡ ದೊಡ್ಡ ವಾರ್ಡಿಗೂ ಒಂದು. ಅದೂ ಹೊಸ ಕಡೆಗಳಲ್ಲಿ ಕಟ್ಟಡ ಸಿಗುವುದೇ ಕಷ್ಟ, ಜಾಗ ಸಿಕ್ಕಿದ ಕಡೆ ಕ್ಲಿನಿಕ್ಕು. ಇದರ ನಡುವೆ ವಾರ್ಡೇ ನಿಲ್ಲುವುದಿಲ್ಲ. 198 ಇದ್ದದ್ದು 243 ಆಯಿತು, ಆಮೇಲೆ 225 ಅಂದರು, ಈಗ ಪಾಲಿಕೆಯೇ ಐದಾಗಿದೆ. ರೋಗಿಗಳ ಲೆಕ್ಕ ಹಿಡಿದು ಕ್ಲಿನಿಕ್ ಇಟ್ಟಿದ್ದರೆ ಈ ಗೊಂದಲವೇ ಬರುತ್ತಿರಲಿಲ್ಲ. ವಾರ್ಡು ಅನ್ನುವುದು ಓಟಿನ ಗೆರೆ, ಜ್ವರಕ್ಕೆ ಅದು ಗೊತ್ತಿಲ್ಲ.

ಈ ಊರಿಗೆ ಇದು ಹೊಸತೂ ಅಲ್ಲ. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಲ್ಲಿ ಬಹಳ ಜನ ಸತ್ತರು. ಆ ಕಾಲದಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಗಳಿಗೆ ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕಸ, ಕಕ್ಕಸು ತೆಗೆಯಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಸಿಕ್ಕಿತು. ಯಾರಿಗೆ ಸೈಟು ಕೊಳ್ಳಲು ಆಯಿತೋ ಅವರು ಆ ಗಾಳಿಗೆ ಹೋದರು, ಆಗದವರು ಪೇಟೆಯಲ್ಲೇ ಉಳಿದರು. ಆಸ್ಪತ್ರೆಗಳೂ ಹಾಗೇ ಒಂದು ಕಡೆ ಗುಡ್ಡೆಯಾಗಿವೆ. ವಿಕ್ಟೋರಿಯಾ 1900ರಿಂದ ಮಾರ್ಕೆಟ್ ಹತ್ತಿರ, ಬೌರಿಂಗ್ ಶಿವಾಜಿನಗರದ ಪಕ್ಕ. ನಿಮ್ಹಾನ್ಸ್, ಕಿದ್ವಾಯಿ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮೂರೂ ಅಕ್ಕಪಕ್ಕ. ಊರು ಮಾತ್ರ ನಾಲ್ಕೂ ಕಡೆ ಹರಿದು ಹೋಗಿದೆ. 2023ರ ಜೂನಿನಿಂದ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಅದೊಂದು ನಿಜವಾದ ಉಪಕಾರ. ಆಸ್ಪತ್ರೆಗೆ ಹೋಗಲು ಬಸ್ ಚಾರ್ಜಿಗೆ ಗಂಡನ ಕೈ ನೋಡುವುದು ತಪ್ಪಿತು. ಆದರೆ ಟ್ರಾಫಿಕ್ಕಿನಲ್ಲಿ ಹೋಗುವ ಹೊತ್ತನ್ನು ಯಾವ ಗ್ಯಾರಂಟಿಯೂ ವಾಪಸ್ ಕೊಡುವುದಿಲ್ಲ.

ಈಗ ಕ್ಲಿನಿಕ್ಕಿನ ಕೈಯಲ್ಲಿಲ್ಲದ ವಿಷಯ. ಇದನ್ನು ಸೇವೆಯ ವಿಮರ್ಶೆಯಲ್ಲಿ ಯಾಕೆ ತರುತ್ತೀರಿ ಅಂತ ಕೇಳಬಹುದು. ತರಲೇಬೇಕು, ಯಾಕೆ ಅಂತ ಹೇಳುತ್ತೇನೆ.

ಆವತ್ತು ಬಿಪಿ ಮಾತು ಮುಗಿದ ಮೇಲೆ ಅವರು ನನ್ನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ನರ್ಸ್ ಹತ್ತಿರ ಇನ್ನೊಂದು ತೊಂದರೆ ಹೇಳಿಕೊಂಡರು. ಉರಿಮೂತ್ರ. ಬಹಳ ದಿನದಿಂದ ಇದೆಯಂತೆ, ಬಂದು ಹೋಗಿ ಮಾಡುತ್ತೆ. ಡಾಕ್ಟರು ಮಾತ್ರೆ ಬರೆದರು, ಮೂತ್ರ ಪರೀಕ್ಷೆ ಮಾಡಿಸಿದರು, "ನೀರು ಜಾಸ್ತಿ ಕುಡೀಬೇಕಮ್ಮ, ದಿನಕ್ಕೆ ಮೂರು ಲೀಟರ್ ಆದ್ರೂ" ಅಂದರು. ಇವರು ಹೂಂ ಅಂತ ತಲೆ ಆಡಿಸಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಹೇಳಿದರು, "ನೀರು ಕುಡ್ಯಾಕೇನ್ರಿ ಅಕ್ಕಾರ, ಕುಡದ ಮ್ಯಾಲ ಹೋಗಾಕ ಜಾಗಾ ಬೇಕಲ್ರಿ." ಶೆಡ್ಡುಗಳ ಸಾಲಿಗೆಲ್ಲ ಸೇರಿ ತಗಡಿನ ಒಂದು ಮರೆ ಇದೆ. ಬೆಳಗಾಗುವ ಮುಂಚೆ, ಕತ್ತಲಾದ ಮೇಲೆ, ಅಷ್ಟೇ. ನಡುವೆ ಐದು ಮನೆಯ ಕೆಲಸ. ಆ ಐದು ಮನೆಗಳಲ್ಲಿ ಎಷ್ಟು ಕಡೆ ಅವರಿಗೆ ಬಾತ್‌ರೂಮ್ ಉಪಯೋಗಿಸಲು ಬಿಡುತ್ತಾರೆ ಅಂತ ನೀವೇ ನಿಮ್ಮ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವಿಚಾರಿಸಿ. ಹಾಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಗೆ ಸೋಂಕು ಹೋಗುತ್ತೆ, ಮತ್ತೆ ಬರುತ್ತೆ. ಬಂದೇ ಬರುತ್ತೆ.

ನೀರಿನ ಲೆಕ್ಕವನ್ನೂ ನೋಡಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ರೇಟು ಕೈ ಮೀರಿದಾಗ ಜಿಲ್ಲಾಡಳಿತ ದರ ಕಟ್ಟಿತು, ಐದು ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ ನೂರು. ಅದೇ ಹೊತ್ತಿನಲ್ಲಿ ಕಾವೇರಿ ಕನೆಕ್ಷನ್ ಇದ್ದ ಮನೆಗೆ ಮೊದಲ ಎಂಟು ಸಾವಿರ ಲೀಟರಿನವರೆಗೆ ಸಾವಿರ ಲೀಟರಿಗೆ ಏಳು ರೂಪಾಯಿ. ಪೈಪು ಇರುವವರಿಗೆ ಏಳು, ಇಲ್ಲದವರಿಗೆ ಸರ್ಕಾರ ಇಳಿಸಿದ ಮೇಲೂ ನೂರು. ಶೆಡ್ಡಿನವರು ಟ್ಯಾಂಕರ್ ಕೂಡ ಕೊಳ್ಳಲಾರರು, ಅವರದು ಡ್ರಮ್ಮಿನ ಲೆಕ್ಕ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಬಂತು, 110 ಹಳ್ಳಿಗಳಿಗೆ ಅಂತ. ಆ ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ! ಖಾಲಿ ಸೈಟಿನ ಶೆಡ್ಡಿಗಂತೂ ಯಾವ ಹಂತದಲ್ಲೂ ಪೈಪು ಬರುವುದಿಲ್ಲ.

ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟರೆ ಏನಾಗುತ್ತೆ? ಡೆಂಗಿ ಸೊಳ್ಳೆ. ಅದು ಮೊಟ್ಟೆ ಇಡುವುದೇ ಇಂಥ ನಿಂತ ತಿಳಿನೀರಿನಲ್ಲಿ. 2024ರಲ್ಲಿ ಡೆಂಗಿ ಜೋರಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ನಗರದ ಮನೆಗಳಿಗೆ 400 ರೂಪಾಯಿ ದಂಡ ಅಂತ ನಿಯಮ ಮಾಡಿತು. ನಲ್ಲಿಯಲ್ಲಿ ದಿನವೂ ನೀರು ಬರುವವನಿಗೆ ಡ್ರಮ್ಮಿನ ಅಗತ್ಯವೇ ಇಲ್ಲ. ನೀರು ಕೊಡದೆ ಹಿಡಿದಿಡುವ ಹಾಗೆ ಮಾಡಿ, ಹಿಡಿದಿಟ್ಟದ್ದಕ್ಕೆ ದಂಡ ಹಾಕುವುದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ. ಮುಚ್ಚಳ ಹಾಕಿ ಅನ್ನುತ್ತಾರೆ. ಸರಿ, ಹಳೇ ಪೇಂಟ್ ಡ್ರಮ್ಮಿಗೆ ಮುಚ್ಚಳ ಎಲ್ಲಿರುತ್ತೆ?

ಇಷ್ಟೆಲ್ಲ ಆದಮೇಲೂ ಈ ವ್ಯತ್ಯಾಸ ಲೆಕ್ಕಕ್ಕೆ ಯಾಕೆ ಸಿಗುವುದಿಲ್ಲ ಅಂದರೆ, ಸಾವು ಬರೆಯುವ ರೀತಿ ಹಾಗಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ. ಶೆಡ್ಡಿನವರು ವಿಕ್ಟೋರಿಯಾದಲ್ಲಿ ತೀರಿಕೊಂಡರೆ ಅದು ಆ ಭಾಗದ ಪುಸ್ತಕಕ್ಕೆ ಹೋಗುತ್ತೆ. ಇನ್ನು ಗಾರೆಯವರು, ಪಾತ್ರೆ ತೊಳೆಯುವವರು, ಕಾಯಿಲೆ ಕೈ ಮೀರಿದರೆ ಊರಿಗೇ ಹೋಗುತ್ತಾರೆ. ಇಲ್ಲಿ ನೋಡಿಕೊಳ್ಳುವವರಿಲ್ಲ, ಶೆಡ್ಡಿನಲ್ಲಿ ಮಲಗಿಸುವುದು ಹೇಗೆ, ಮಣ್ಣು ಮಾಡಲು ಜಾಗ ಎಲ್ಲಿ. ಬೆಂಗಳೂರಿನ ಸಿಮೆಂಟು ಧೂಳು ಕುಡಿದ ಶ್ವಾಸಕೋಶ ಯಾದಗಿರಿಯ ಯಾವುದೋ ಪಂಚಾಯಿತಿ ಲೆಕ್ಕದಲ್ಲಿ ಸಾಯುತ್ತದೆ. ಹೀಗೆ ಊರು ದುಡಿಸಿಕೊಂಡವರ ಸಾವನ್ನು ಹೊರಗೆ ಕಳಿಸಿ ತನ್ನ ಲೆಕ್ಕ ಚೊಕ್ಕವಾಗಿ ಇಟ್ಟುಕೊಳ್ಳುತ್ತೆ.

ಲೆಕ್ಕ ಹಾಕಿದ ಕಡೆ ಏನು ಕಂಡಿತು ಗೊತ್ತಾ? ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಕ್ಯಾಲ್ಟನ್ ಅನ್ನುವ ಬಡ ಪ್ರದೇಶದಲ್ಲಿ ಗಂಡಸರ ಸರಾಸರಿ ಆಯಸ್ಸು 54, ಕೆಲವೇ ಮೈಲಿ ದೂರದ ಅನುಕೂಲಸ್ಥರ ಲೆಂಜಿಯಲ್ಲಿ 82 ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರ ವರದಿಯಲ್ಲಿ ಇದನ್ನು ಎತ್ತಿ ತೋರಿಸಿತು. 28 ವರ್ಷದ ಅಂತರ, ಅದೂ ಎಲ್ಲರಿಗೂ ಉಚಿತ ಚಿಕಿತ್ಸೆ ಇರುವ ದೇಶದಲ್ಲಿ. ಉಚಿತ ಕ್ಲಿನಿಕ್ ಒಂದರಿಂದಲೇ ಕೆಲಸ ಮುಗಿಯಲ್ಲ ಅನ್ನಲು ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಂತ ಕ್ಲಿನಿಕ್ ವ್ಯರ್ಥ ಅಂತ ತಿಳಿಯಬೇಡಿ. ಆವತ್ತು ಆ ಬಿಪಿ ಕಂಡದ್ದು, ಮಾತ್ರೆ ಸಿಕ್ಕಿದ್ದು ದೊಡ್ಡ ವಿಷಯವೇ. ನನ್ನ ಬೇಡಿಕೆ ಪಟ್ಟಿ ತುಂಬ ಉದ್ದವೂ ಇಲ್ಲ. ಕೂಲಿಯವರು ಜಾಸ್ತಿ ಇರುವ ಕಡೆ ಸಂಜೆ ಆರರಿಂದ ಒಂಬತ್ತು ತೆಗೆಯಿರಿ, ಭಾನುವಾರವೂ ತೆಗೆಯಿರಿ, ಬದಲಿಗೆ ಮಂಗಳವಾರ ರಜೆ ಕೊಡಿ ಪರವಾಗಿಲ್ಲ. ಬಿಪಿ ಶುಗರ್ ಹಿಡಿತಕ್ಕೆ ಬಂದವರಿಗೆ ಒಂದೇ ಸಲ ಎರಡು ಮೂರು ತಿಂಗಳ ಮಾತ್ರೆ ಕೊಡಿ. ಊರಿಗೆ ಹೋಗುವ ಸೀಸನ್ ಗೊತ್ತೇ ಇದೆ, ಮುಂಗಾರು ಬಿತ್ತನೆಗೆ, ಜಾತ್ರೆಗೆ. ಆಗ ಕೈಯಲ್ಲಿ ಮಾತ್ರೆ ಜೊತೆಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತೋರಿಸಲು ಒಂದು ಚೀಟಿ ಇರಲಿ. ಅನುಕೂಲಸ್ಥರ ವಾರ್ಡಿನಲ್ಲಿ ಜನವೇ ಬಾರದ ಕ್ಲಿನಿಕ್ ಇದ್ದರೆ ಅಲ್ಲಿಯ ಸಿಬ್ಬಂದಿಯನ್ನು ಒಂದು ವ್ಯಾನಿನಲ್ಲಿ ಕೂರಿಸಿ ಶೆಡ್ಡುಗಳಿರುವ ಕಡೆ ಕಳಿಸಿ. ಅಲ್ಲಿನ ಕಾರ್ಪೊರೇಟರು ಆಗುವವರು ಕೂಗಾಡುತ್ತಾರೆ, ಕೂಗಾಡಲಿ.

ಅಪಾರ್ಟ್‌ಮೆಂಟಿನವರಿಗೂ ಒಂದು. ತಿಂಗಳಿಗೆ ಅರ್ಧ ದಿನ, ಸಂಬಳ ಹಿಡಿಯದೆ, ಆಸ್ಪತ್ರೆಗೆ ಅಂತ ರಜೆ ಕೊಡಿ. ನಾವು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದಾಗ ಮೊದಲ ಪ್ರಶ್ನೆ "ಅವರು ನಿಜವಾಗಲೂ ಆಸ್ಪತ್ರೆಗೇ ಹೋಗ್ತಾರೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಬಂತು. ಹೆಬ್ಬೆರಳು ಒತ್ತಿದವರೂ ಇದ್ದರು. ನೆಲಮಹಡಿಯಲ್ಲಿ ಡ್ರೈವರುಗಳಿಗೆ ಅಂತ ಕಟ್ಟಿ ಬೀಗ ಹಾಕಿಟ್ಟಿದ್ದ ಟಾಯ್ಲೆಟ್ಟಿನ ಬೀಗ ಮಾತ್ರ ಈಗ ತೆಗೆದಿದ್ದಾರೆ, ಮನೆಗೆಲಸದವರೂ ಹೋಗಬಹುದು. ಅದಕ್ಕೂ ಒಂದು ಜನರಲ್ ಬಾಡಿ ಮೀಟಿಂಗ್ ಬೇಕಾಯಿತು.

ಹೋಗುವವರಿಗೆ ಕೊನೆಗೆ ಕೆಲಸಕ್ಕೆ ಬರುವ ಮಾತು. ಹಳೇ ಚೀಟಿ, ಹಳೇ ಮಾತ್ರೆಯ ಸ್ಟ್ರಿಪ್ಪು ಇದ್ದರೆ ತಗೊಂಡು ಹೋಗಿ, ಖಾಲಿ ಸ್ಟ್ರಿಪ್ಪಾದರೂ ಆಗುತ್ತೆ. ಶುಗರ್ ಪರೀಕ್ಷೆ ಮಾಡಿಸುವುದಿದ್ದರೆ ಊಟ ತಿಂಡಿ ಮಾಡಿ ಎಷ್ಟು ಹೊತ್ತಾಯಿತು ಅಂತ ಹೇಳಿ. ಮೂವತ್ತು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಒಂದು ಸಲ ಬಿಪಿ ನೋಡಿಸಿಕೊಳ್ಳಿ, ಅದಕ್ಕೆಂದೇ ಹೋದರೂ ಯಾರೂ ಬೈಯಲ್ಲ. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ಆ ಕಾಗದ ಕಳೆಯಬೇಡಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವಾಗ ರೆಫರಲ್ ಕೇಳುತ್ತಾರೆ, ಬಿಪಿಎಲ್ ಕಾರ್ಡು ಊರಲ್ಲಿ ಬಿಟ್ಟು ಬಂದಿದ್ದರೆ ಅದರ ಫೋಟೋವನ್ನಾದರೂ ಫೋನಿಗೆ ತರಿಸಿ ಇಟ್ಟುಕೊಳ್ಳಿ. ಮತ್ತೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಿ. ನಾವು ಹೋದಾಗ ಬೆಳಗಿನ ರಶ್ ಮುಗಿದು ಬೆಂಚು ಖಾಲಿ ಇತ್ತು, ಡಾಕ್ಟರು ಕೂರಿಸಿ ಮಾತಾಡಿದರು.